ಕಣ್ಣು ನಂದು, ಕೈ ನಿಂದು

ಒಂದು ಮನೆಗೆ ಇಬ್ಬರು ಅತ್ತೆಯರಾದರೆ ಸೊಸೆಯ ಪಾಡು ಏನಾಗಬೇಕು ಹೇಳಿ. ನರ್ಸು ಜಯಶೀಲಾಳ ತಲೆಯೊಳಗೆ ಹಾಗೆ ಇಬ್ಬರು ಕೂತಿದ್ದರು. ಒಬ್ಬರು ಆಕೆ ಓದಿದ ಬೆಂಗಳೂರಿನ ನರ್ಸಿಂಗ್ ಶಾಲೆಯ ಟ್ಯೂಟರಮ್ಮ. ಇನ್ನೊಬ್ಬರು ಆಕೆ ಕೆಲಸಕ್ಕಿದ್ದ ಭದ್ರಾವತಿಯ ಹಂಚಿನ ಮಾಡಿನ ಆಸ್ಪತ್ರೆಯ ಹಿರೇ ಸಿಸ್ಟರ್ ಜಲಜಮ್ಮ. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲ ಅನ್ನೋರು.

ಜಲಜಮ್ಮನ ಪಾಠ ಹಳೇದು. ನೂರು ವರ್ಷದ ಹಿಂದೆ ಯಾವುದೋ ಯುದ್ಧದಲ್ಲಿ ದೀಪ ಹಿಡಿದು ಗಾಯಾಳುಗಳ ಮಧ್ಯೆ ಓಡಾಡಿದ ಇಂಗ್ಲಿಷ್ ದೊರೆಸಾನಿಯಿಂದ ಇಳಿದು ಬಂದದ್ದು. ಗಾಳಿ ಆಡಲಿ, ಬೆಳಕು ಬರಲಿ, ಹಾಸಿಗೆ ಬೆಳ್ಳಗಿರಲಿ, ನೀರು ಕುದಿದಿರಲಿ, ಗಲಾಟೆ ಬೇಡ. ಇಷ್ಟು ನಾವು ಮಾಡಿದರೆ ಮಿಕ್ಕಿದ್ದು ದೇಹ ತಾನೇ ಮಾಡಿಕೊಳ್ಳುತ್ತೆ ಅನ್ನೋದು ಅದರ ಸಾರ. ಟ್ಯೂಟರಮ್ಮನ ಪಾಠ ಹೊಸದು, ಅಮೆರಿಕದ ಕಡೆಯಿಂದ ಬಂದದ್ದು. ರೋಗಿಗೆ ಶಕ್ತಿ ಇದ್ದಿದ್ದರೆ ತನಗೆ ತಾನೇ ಏನು ಮಾಡಿಕೊಳ್ಳುತ್ತಿದ್ದನೋ ಅದನ್ನು ಅವನ ಬದಲು ನೀವು ಮಾಡಿ, ಅದೇನೆಂದು ಗೊತ್ತಾಗದಿದ್ದರೆ ಪಕ್ಕದಲ್ಲಿ ಕೂತು ಕೇಳಿ ಎಂದು ಆಕೆ ಹೇಳಿಕೊಟ್ಟಿದ್ದರು. ಜಯಶೀಲಾ ರೋಗಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರೆ ಸಾಕು, ಜಲಜಮ್ಮನಿಗೆ ಮೈಯೆಲ್ಲ ಉರಿ. ಏನು ಮಾರಾಯ್ತಿ, ಹೆಣ್ಣು ನೋಡೋಕೆ ಬಂದಿದ್ದೀಯಾ, ಏಳು, ಆ ಬಕೆಟ್ ತೊಳಿ ಅನ್ನೋರು. ಕೆಟ್ಟವರಲ್ಲ ಪಾಪ. ಬಾಣಂತಿಯರ ವಾರ್ಡಿನಲ್ಲಿ ಕೀವು ಅನ್ನೋದನ್ನೇ ಕಾಣದ ಹಾಗೆ ಮಾಡಿದ ಹೆಂಗಸು ಅವರು.

ಚೀನಾ ಯುದ್ಧಕ್ಕೆ ಹಿಂದಿನ ವರ್ಷ, ಕಬ್ಬು ಅರೆಯುವ ಕಾಲ. ಒಂದು ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಉಜ್ಜನಪ್ಪ ಅನ್ನೋರನ್ನು ತಂದು ಮಲಗಿಸಿದರು. ಐವತ್ತು ದಾಟಿದ ಲಿಂಗವಂತರು. ಆಲೆಮನೆಯಲ್ಲಿ ಬೆಲ್ಲದ ಹದ ನೋಡೋದರಲ್ಲಿ ಆ ಸೀಮೆಗೆ ಹೆಸರಾದವರು. ಪಾಕ ಹದಕ್ಕೆ ಬಂದಿತ್ತು, ಕೊಪ್ಪರಿಗೆ ಇಳಿಸುವಾಗ ಕಾಲು ಜಾರಿತು. ಬೀಳುವವರು ಏನು ಮಾಡುತ್ತಾರೆ, ಎರಡೂ ಕೈ ಮುಂದೆ ಊರುತ್ತಾರೆ. ಊರಿದ್ದು ಕುದಿಯುವ ಪಾಕದೊಳಕ್ಕೆ. ಬಿಸಿನೀರಾದರೆ ಸುಟ್ಟು ಹರಿದುಹೋಗುತ್ತೆ, ಬೆಲ್ಲ ಹಾಗಲ್ಲ, ಹಿಡಿದುಕೊಂಡು ಸುಡುತ್ತೆ. ಮೊಣಕೈವರೆಗೆ ಎರಡೂ ಕೈ, ಎದೆ, ಹೊಟ್ಟೆ ಎಲ್ಲ ಬೆಂದುಹೋಗಿತ್ತು.

ಡಾಕ್ಟರು ನರಸಿಂಹಮೂರ್ತಿ ಗಾಯ ಕಟ್ಟಿಸಿ, ಕಾಲಿನ ನರಕ್ಕೆ ಸಲೈನ್ ಹಾಕಿಸಿದರು. ಶಿವಮೊಗ್ಗಕ್ಕೆ ಕಳಿಸೋಣ ಅಂದರೆ ಆ ರಸ್ತೆಯ ಕುಲುಕಾಟಕ್ಕೇ ಜೀವ ಹೋದೀತು. ಸುಟ್ಟ ಮೈಯಿಂದ ನೀರು ಸೋರಿಹೋಗ್ತಾ ಇದೆ ಸಿಸ್ಟರ್, ಬಾಟಲಿ ಒಂದೇ ಸಾಲದು, ಇರೋ ಬಾಟಲಿಯೂ ಕಮ್ಮಿ, ಬಾಯಲ್ಲಿ ಕುಡಿಸಬೇಕು, ಕುಡಿಯದಿದ್ದರೆ ಮೂತ್ರಪಿಂಡ ನಿಂತುಹೋಗುತ್ತೆ ಎಂದು ಹೇಳಿ ಅವರು ಹೊರಟರು. ಕುಡಿಸೋದು ಜಯಶೀಲಾಳ ಪಾಲಿಗೆ ಬಂತು.

ಆಕೆ ಮಜ್ಜಿಗೆ ತಂದಳು. ಉಜ್ಜನಪ್ಪ ಮುಖ ತಿರುಗಿಸಿದರು. ನೀರು ತಂದಳು, ತುಟಿ ಬಿಗಿದರು. ಜಲಜಮ್ಮ ಗದರಿಸಿ ನೋಡಿದರು, ಆಮೇಲೆ ಮೂಗಿನಿಂದ ಕೊಳವೆ ಇಳಿಸಲು ನೋಡಿದರು. ಆ ಮನುಷ್ಯ ತಲೆ ಕೊಡವಿದ ರಭಸಕ್ಕೆ ಎದೆಯ ಕಟ್ಟೆಲ್ಲ ಕದಲಿ ರಕ್ತ ಬಂತು. ಎಚ್ಚರ ಇರೋ ಮನುಷ್ಯನಿಗೆ ಬಲವಂತ ಮಾಡಿದರೆ ಇರೋ ಜೀವವೂ ಹೋಗುತ್ತೆ, ಬಿಡಿ ಎಂದು ವಾಪಸು ಬಂದ ಡಾಕ್ಟರೇ ಕೈಬಿಟ್ಟರು. ಆಗ ಜಯಶೀಲಾ ಯಾರು ಬೈದರೂ ಬೈಯಲಿ ಅಂತ ಸ್ಟೂಲು ಎಳೆದುಕೊಂಡು ಕೂತಳು.

"ಅಪ್ಪಾಜಿ, ನಿಮಗೆ ಏನು ಬೇಕು?"

ಉಜ್ಜನಪ್ಪ ಅವಳನ್ನೇ ನೋಡಿದರು. ಬಂದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ.

"ಪೂಜೆ ಆಗಿಲ್ಲ ತಾಯಿ. ಆಗದೆ ತೊಟ್ಟು ನೀರು ಕುಡಿದವನಲ್ಲ ನಾನು. ಲಿಂಗ ಇಡೋಕೆ ಅಂಗೈ ಎಲ್ಲಿದೆ ನೋಡು."

ಜಯಶೀಲಾಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಕೆಯೂ ಅದೇ ಕುಲದವಳು. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು, ನೀರು ಎರೆದು, ವಿಭೂತಿ ಧರಿಸಿ, ಕಣ್ಣು ತುಂಬ ನೋಡಿದ ಮೇಲೆಯೇ ಬಾಯಿಗೆ ನೀರು. ಶಿವಮೊಗ್ಗದ ಮನೆಯಲ್ಲಿ ಅಪ್ಪ, ಅವ್ವ ಎಲ್ಲ ಹಾಗೇ. ಇವಳು ಮಾತ್ರ ನರ್ಸಿಂಗ್ ಶಾಲೆ ಸೇರಿದ ದಿನ ಕೊರಳಲ್ಲಿ ದಾರಗೀರ ಏನೂ ಇರಕೂಡದು ಅಂದದ್ದಕ್ಕೆ ಬಿಚ್ಚಿ ಅವ್ವನ ಕೈಗೆ ಕೊಟ್ಟಿದ್ದಳು. ಅವ್ವ ಸುಭದ್ರಮ್ಮ ಅತ್ತು, ಬೈದು, ಕಡೆಗೆ ಆಯ್ತು ಬಿಡೇ, ನಿನ್ನ ಪಾಲಿಂದು ನಾನೇ ಮಾಡ್ತೀನಿ ಎಂದು ತನ್ನದರ ಜೊತೆ ಮಗಳ ಲಿಂಗಕ್ಕೂ ದಿನಾ ನೀರೆರೆಯುತ್ತಿದ್ದಳು. ಒಬ್ಬರ ಪಾಲಿನದನ್ನು ಇನ್ನೊಬ್ಬರು ಮಾಡಬಹುದು ಅನ್ನೋದನ್ನು ಜಯಶೀಲಾ ಮನೆಯಲ್ಲೇ ಕಂಡಿದ್ದಳು.

ಅದಕ್ಕೇ ಆಕೆ ತನ್ನ ಎಡಗೈ ಚಾಚಿದಳು. ಇದರ ಮೇಲೆ ಇಡೋಣ ಅಪ್ಪಾಜಿ, ನಾನು ಹಿಡಿದುಕೊಂಡಿರ್ತೀನಿ ಅಂದಳು. ನೀನು ನಮ್ಮೋಳಾ ಎಂದು ಕೇಳಿದರು, ಹೌದೆಂದಳು. ನಿನ್ನ ಲಿಂಗ ಎಲ್ಲಿ ಎಂದು ಕೇಳಿದರು. ಮನೆಯಲ್ಲಿದೆ ಅಂದಾಗ ಆಕೆಯ ಮುಖ ಸಣ್ಣದಾಯಿತು. ಉಜ್ಜನಪ್ಪ ಅವಳ ಬರಿ ಕೊರಳನ್ನೂ ಚಾಚಿದ ಅಂಗೈಯನ್ನೂ ನೋಡಿದರು. ಸತ್ತೇ ಹೋಗುವಂಥ ನೋವಿನಲ್ಲೂ ಧರ್ಮ ಕರ್ಮ ತೂಗಿ ನೋಡುವ ಜನ ಇದ್ದರು ಆ ಕಾಲದಲ್ಲಿ, ಏನನ್ನೋಣ.

"ಆಗಲಿ. ಕಣ್ಣು ನಂದು, ಕೈ ನಿಂದು. ಶಿವ ಒಪ್ಪಿಕೊಳ್ತಾನೆ. ಮುಗಿದ ಮೇಲೆ ಎಷ್ಟು ಬೇಕಾದ್ರೂ ಕುಡಿಸು."

ಜಯಶೀಲಾಳಿಗೆ ರೆಕ್ಕೆ ಬಂದಂತಾಯಿತು. ಹೊರಗಿನ ಜಗಲಿಯಲ್ಲಿ ಉಜ್ಜನಪ್ಪನವರ ಹೆಂಡತಿ ದಾಕ್ಷಾಯಣಮ್ಮ ಕೂತಿದ್ದರು. ಸುಟ್ಟ ಗಾಯದ ಕೋಣೆಗೆ ನರ್ಸು, ಡಾಕ್ಟರು ಬಿಟ್ಟರೆ ನರಪಿಳ್ಳೆಯೂ ಹೋಗಕೂಡದು ಅನ್ನೋದು ಜಲಜಮ್ಮನ ಕಟ್ಟಪ್ಪಣೆ. ಗಂಡನ ಕರಡಿಗೆಯನ್ನು ಆ ಹೆಂಗಸು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ವಿಷಯ ಕೇಳಿ ಜಯಶೀಲಾಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಇನ್ನು ಜಲಜಮ್ಮನನ್ನು ಒಪ್ಪಿಸಬೇಕಲ್ಲ. ಆಶ್ಚರ್ಯ ನೋಡಿ, ಅವರು ಅರ್ಧಕ್ಕರ್ಧ ಒಪ್ಪಿಯೇಬಿಟ್ಟರು. ಕುಡಿಯೋದಾದರೆ ಮಾಡ್ಕೊಳ್ಳಲಿ ಕಣೇ, ನಾನೇನು ರಾಕ್ಷಸಿಯಾ, ಆದರೆ ಅದರ ಮೇಲೆ ಬೆವರು, ಬೂದಿ, ಬೆಲ್ಲ ಎಲ್ಲ ಮೆತ್ತಿಕೊಂಡಿದೆ, ಹಸಿ ಗಾಯದ ಹತ್ತಿರ ಅಂಥದ್ದು ಹೋದರೆ ಆ ಯಪ್ಪ ಕೀವಾಗಿ ಸಾಯ್ತಾನೆ, ಅದು ಮೊದಲು ಶುದ್ಧ ಆಗಲಿ ಅಂದರು. ಅದೂ ನ್ಯಾಯವೇ. ಕರಡಿಗೆಯ ಸಂದಿಯಲ್ಲಿ ಪಾಕ ಇಳಿದು ಲಿಂಗಕ್ಕೂ ಅಂಟಿಕೊಂಡು ಗಟ್ಟಿಯಾಗಿ ಕೂತಿತ್ತು.

ಜಯಶೀಲಾ ಅದನ್ನು ಬಟ್ಟೆಯಲ್ಲಿ ಹಿಡಿದು ಉಪಕರಣ ಕುದಿಸುವ ಕೋಣೆಗೆ ನಡೆದಳು. ಆಗ ಅವಳಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ರೋಗಿಯನ್ನು ಕೇಳು ಅಂದ ಟ್ಯೂಟರಮ್ಮನೂ ಸರಿ, ಕುದಿಸು ಅಂದ ಜಲಜಮ್ಮನೂ ಸರಿ. ಇಷ್ಟು ದಿನ ಕಚ್ಚಾಡಿದ ಇಬ್ಬರನ್ನೂ ಒಂದೇ ಮಣೆ ಮೇಲೆ ಕೂರಿಸಿದೆ ಅಂದುಕೊಂಡಳು. ಕತ್ತರಿ ಕುದಿಯುತ್ತೆ, ಸೂಜಿ ಕುದಿಯುತ್ತೆ, ಇದಂತೂ ಕಲ್ಲು, ಕಲ್ಲಿಗೆ ಏನಾಗುತ್ತೆ? ಕುದಿಯುವ ನೀರಿನೊಳಗೆ ಲಿಂಗ ಬಿಟ್ಟು ಮುಚ್ಚಳ ಮುಚ್ಚಿದಳು. ನೀರೆರೆಯೋದು, ಒರೆಸೋದು ಎಲ್ಲ ಅವ್ವನ ಪಾಲಿಗೆ ಬಿಟ್ಟವಳಿಗೆ ಲಿಂಗ ಅಂದರೆ ಬರೀ ಕಲ್ಲಲ್ಲ, ಒಳಗೆ ಚಿಕ್ಕ ಕಲ್ಲಿಟ್ಟು ಮೇಲೆ ಕರಿ ಲೇಪ ಕಟ್ಟಿ ಮಾಡಿದ್ದು ಅನ್ನೋದು ಹೇಗೆ ತಿಳಿಯಬೇಕು?

ಮುಚ್ಚಳ ತೆಗೆದಾಗ ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ ಕರ್ರಗೆ ಏನೋ ತೇಲುತ್ತಿತ್ತು. ಇಕ್ಕಳ ಹಾಕಿ ತಡಕಿದಳು. ಸಿಕ್ಕಿದ್ದು ಹುಣಿಸೆಬೀಜದಷ್ಟು ಬೂದು ಕಲ್ಲು, ಅದರ ಒಂದು ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಆಕೆ ಇಕ್ಕಳ ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತಳು.

ಕೂತರೆ ಆಗುತ್ತಾ? ಒಳಗೆ ಆ ಮನುಷ್ಯ ಕಾಯುತ್ತಾ ಇದ್ದಾರೆ. ಜಗಲಿಗೆ ಹೋಗಿ ದಾಕ್ಷಾಯಣಮ್ಮನಿಗೆ ತೋರಿಸಿದಳು. ಆ ಹೆಂಗಸು ಕೂಗಾಡಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಆ ಕಲ್ಲನ್ನೇ ನೋಡಿದರು. ಆಮೇಲೆ ಕುಪ್ಪಸದೊಳಗಿಂದ ತಮ್ಮ ಕರಡಿಗೆ ತೆಗೆದರು. ಅದನ್ನು ಕಟ್ಟಿದ್ದ ಶಿವದಾರವನ್ನು ತಲೆಯ ಮೇಲಿಂದ ಎತ್ತಿ ಜಯಶೀಲಾಳ ಕೈಗೆ ಹಾಕಿದರು.

"ಇದನ್ನ ಒಯ್ಯಿ. ಹೇಳಬೇಡ. ಕುಡಿದರೆ ಸಾಕು."

ಮತ್ತೆ ನಿಮ್ಮ ಪೂಜೆ ಅಂತ ಜಯಶೀಲಾ ಬಾಯಿ ತೆರೆದಳು. ತನಗೆ ಉಪವಾಸ ಇದ್ದು ಅಭ್ಯಾಸ ಇದೆ ಎಂದು ಆಕೆ ಅಡ್ಡಬಾಯಿ ಹಾಕಿದರು. ಅತ್ತ ದರಿ, ಇತ್ತ ಪುಲಿ. ಸುಳ್ಳು ಹೇಳಿದರೆ ಪಾಪ, ನಿಜ ಹೇಳಿದರೆ ಪ್ರಾಣ. ಜಯಶೀಲಾ ಪ್ರಾಣವನ್ನೇ ಆರಿಸಿಕೊಂಡಳು. ಅವಳ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಈ ಸಲ ಕುದಿಸುವ ಮಾತೇ ಇಲ್ಲ. ತಣ್ಣೀರಲ್ಲಿ ತೊಳೆದು, ಸೋಪಿನಿಂದ ಉಜ್ಜಿದ ಎಡಗೈ ಮೇಲೆ ಇಟ್ಟುಕೊಂಡು ಉಜ್ಜನಪ್ಪನವರ ಕಣ್ಣಿನ ಮುಂದೆ ಹಿಡಿದಳು. ಚಮಚದಿಂದ ನೀರೆರೆದಳು. ಅವರ ಹಣೆಗೆ ವಿಭೂತಿ ಹಚ್ಚಿದಳು. ತುಟಿ ಅಲುಗಿತು, ಮಂತ್ರ ಶುರುವಾಯಿತು. ಪಕ್ಕದ ಮೇಜಿನ ಮೇಲೆ ಲೋಟ ತುಂಬ ನೀರು ಸಿದ್ಧವಾಗಿತ್ತು. ಇನ್ನೊಂದು ಗಳಿಗೆ ಅಂದುಕೊಳ್ಳುವಾಗಲೇ ಮಂತ್ರ ನಿಂತಿತು.

"ಇದು ನಮ್ಮ ಮನೆಯವಳದು," ಅಂದರು ಉಜ್ಜನಪ್ಪ.

ಮೂವತ್ತು ವರ್ಷ ಅಕ್ಕಪಕ್ಕ ಕೂತು ಪೂಜೆ ಮಾಡಿದವರು. ಹೆಂಡತಿಯ ಅಂಗೈ ಮೇಲಿನದನ್ನು ಗುರುತಿಸದೆ ಇರ್ತಾರಾ? ಇಬ್ಬರು ಹೆಂಗಸರೂ ಅಷ್ಟನ್ನು ಯೋಚನೆ ಮಾಡಿರಲಿಲ್ಲ. ನಂದು ಎಲ್ಲಿ ಅಂದರು. ಜಯಶೀಲಾಳ ಬಾಯಲ್ಲಿ ಸುಳ್ಳು ಬರಲಿಲ್ಲ. ಕುದಿಸಿದೆ ಅಪ್ಪಾಜಿ, ಶುದ್ಧ ಆಗಲಿ ಅಂತ, ಒಡೆದುಹೋಯ್ತು ಎಂದು ಹೇಳಿ ಅಳುತ್ತಾ ನಿಂತಳು. ಬೈಯಲಿ, ಉಗಿಯಲಿ, ಆಮೇಲೆ ನೀರು ಕುಡಿಯಲಿ ಅಂತ ಒಳಗೊಳಗೇ ಬೇಡಿಕೊಂಡಳು.

ಅವರು ಬೈಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ನಾನೂ ನನ್ನ ಶಿವನೂ ಇಬ್ಬರೂ ಒಂದೇ ದಿನ ಬೆಂದ್ವಿ ಬಿಡು. ನೀನು ಬೇಕಂತ ಮಾಡಿದ್ದಲ್ಲ. ಇದನ್ನ ಒಯ್ದು ಅವಳ ಕೊರಳಿಗೆ ಹಾಕು. ಅವಳ ಹಸಿವು ಕುಡಿದು ನಾನು ಬದುಕೋದು ಬೇಡ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದನ್ನು ಜಯಶೀಲಾ ಆ ದಿನ ಕಣ್ಣಾರೆ ಕಂಡಳು. ಲೋಟದ ನೀರು ಮೇಜಿನ ಮೇಲೇ ಉಳಿಯಿತು. ಗುರುಗಳು ಬಂದು ಬೇರೆ ಲಿಂಗ ಕಟ್ಟಿದರೆ ಆಗಲ್ಲವಾ ಅಂತ ಕೇಳಿದಳು. ಅವರು ಬಂದು ಹೇಳಲಿ, ಆಮೇಲೆ ನೋಡೋಣ ಎಂದು ಉಜ್ಜನಪ್ಪ ಅಂದರು. ಅಷ್ಟೇ ಸಾಕಾಯಿತು ಆಕೆಗೆ. ದಾಕ್ಷಾಯಣಮ್ಮನ ಲಿಂಗವನ್ನು ವಾಪಸು ಕೊಟ್ಟು, ಆ ದಿನದ ಕಡೇ ಬಸ್ಸು ಹೋಗಿಯಾಗಿದ್ದರಿಂದ ಮಾರನೆ ದಿನ ಮೊದಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದಳು.

ಮಠದ ಷಡಕ್ಷರಯ್ಯನವರು ಅವಳ ಮನೆತನಕ್ಕೇ ಗುರುಗಳು. ಎಲ್ಲ ಕೇಳಿ ಗಡ್ಡ ನೀವಿಕೊಂಡು, ಕಳೆದುಹೋದರೆ, ಒಡೆದರೆ ಮತ್ತೆ ಕಟ್ಟೋದಕ್ಕೆ ಶಾಸ್ತ್ರ ಇದೆ, ಆದರೆ ಕಟ್ಟು ಅಂತ ಅವನು ಬಾಯಿಬಿಟ್ಟು ಕೇಳಬೇಕು, ಕೇಳದವನ ಕೊರಳಿಗೆ ಗಂಟು ಹಾಕೋಕೆ ಅದೇನು ಹಸುವಿನ ಹಗ್ಗವಲ್ಲ ಅಂದರು. ಕೇಳ್ತಾರೆ ಅಯ್ಯನವರೇ, ನೀವು ಬನ್ನಿ ಎಂದು ಜಯಶೀಲಾ ಕಾಲು ಹಿಡಿದಳು. ಅವರು ಹೊಸ ಲಿಂಗ ತೆಗೆದುಕೊಳ್ಳುವಷ್ಟರಲ್ಲಿ ಆಕೆ ಮನೆಗೆ ಓಡಿದಳು. ಕೊರಳು ಬರಿದಾಗಿರುವವಳ ಅಂಗೈ ಮೇಲೆ ಮತ್ತೆ ಪೂಜೆ ಆಗೋದು ಬೇಡ ಅನ್ನಿಸಿತ್ತು ಅವಳಿಗೆ. ಸುಭದ್ರಮ್ಮ ಏನು ಎತ್ತ ಅಂತ ಕೇಳಲಿಲ್ಲ. ಮಗಳ ಮುಖ ನೋಡಿ ದೇವರ ಗೂಡಿನಿಂದ ಕರಡಿಗೆ ತೆಗೆದು ತಾನೇ ಕಟ್ಟಿದಳು.

ಅಯ್ಯನವರನ್ನು ಕರೆದುಕೊಂಡು ಭದ್ರಾವತಿಗೆ ಬಂದಾಗ ಕಬ್ಬಿಣದ ಕಾರ್ಖಾನೆಯ ಮಧ್ಯಾಹ್ನದ ಸೈರನ್ ಕೂಗುತ್ತಿತ್ತು. ಕೋಣೆಗೆ ಕಾಲಿಟ್ಟರೆ ಉಜ್ಜನಪ್ಪ ಮಾತಾಡುತ್ತಿದ್ದರು. ಜಯಶೀಲಾಳಿಗೆ ಹೋದ ಜೀವ ಬಂದಂತಾಯಿತು. ಹತ್ತಿರ ಹೋಗಿ ಕೇಳಿದಳು. ಪಾಕ ಬಂತು, ಇಳಿಸ್ರೋ, ಸೀದು ಹೋಗುತ್ತೆ ಇಳಿಸ್ರೋ ಎನ್ನುತ್ತಿದ್ದರು. ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ.

ಷಡಕ್ಷರಯ್ಯನವರು ಬಾಗಿ, ಉಜ್ಜನಪ್ಪ, ಲಿಂಗ ಕಟ್ಟಲೇನಪ್ಪಾ ಎಂದು ಕೇಳಿದರು. ಇಳಿಸ್ರೋ ಅಂದರು ಉಜ್ಜನಪ್ಪ. ಇನ್ನೊಂದು ಸಲ ಕೇಳಿದರು, ಅದೇ ಮಾತು. ಅಯ್ಯನವರು ಲಿಂಗ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು. ಈಗ ತಲೆ ಕೊಡವಲು ತ್ರಾಣ ಇರಲಿಲ್ಲವಲ್ಲ, ಡಾಕ್ಟರು ಹಾಕಿದ ಮೂಗಿನ ಕೊಳವೆ ಸಲೀಸಾಗಿ ಇಳಿಯಿತು. ನಿನ್ನೆ ರಕ್ತ ಬರುವ ಹಾಗೆ ಬೇಡವೆಂದ ನೀರು ಈ ಹೊತ್ತು ಯಾರ ಅಡ್ಡಿಯೂ ಇಲ್ಲದೆ ಒಳಕ್ಕೆ ಹೋಯಿತು. ಆದರೆ ಮೂತ್ರ ಬರೋದು ನಿನ್ನೆ ಸಂಜೆಗೇ ನಿಂತಿತ್ತು. ಹೋದ ನೀರು ಸ್ವಲ್ಪ ಹೊತ್ತಿಗೆ ಬಾಯಿಯ ಪಕ್ಕದಿಂದ ಹಾಗೇ ಹೊರಗೆ ಹರಿಯಿತು.

ಆ ಕೋಣೆಯಲ್ಲಿ ಯಾರಿಗೆ ಏನು ಕಮ್ಮಿ ಇತ್ತು ಹೇಳಿ. ಡಾಕ್ಟರ ಕೈಯಲ್ಲಿ ಕೊಳವೆ, ಅಯ್ಯನವರ ಕೈಯಲ್ಲಿ ಲಿಂಗ. ಜಲಜಮ್ಮ ಕಿಟಕಿ ತೆರೆದು ಗಾಳಿ ಬಿಟ್ಟು, ಮಡಿ ಹಾಸಿಗೆ ಹಾಸಿದ್ದರು. ಜಯಶೀಲಾಳ ಕೊರಳಲ್ಲಿ ಈಗ ಶಿವದಾರ ಇತ್ತು, ಬಾಯಲ್ಲಿ ಏನು ಬೇಕು ಅನ್ನೋ ಅದೇ ಪ್ರಶ್ನೆ ಇತ್ತು. ಉತ್ತರ ಹೇಳುವವರು ಮಾತ್ರ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಉಜ್ಜನಪ್ಪ ಹೋದರು.

ಇಷ್ಟು ಸುಟ್ಟವರು ಕುಡಿದರೂ ಉಳಿಯೋದು ಕಷ್ಟ ಸಿಸ್ಟರ್ ಎಂದು ಡಾಕ್ಟರು ಹೇಳಿದರು. ಸಮಾಧಾನಕ್ಕೆ ಹೇಳಿದರೋ, ನಿಜವೋ, ಆಕೆಗೆ ತಿಳಿಯಲಿಲ್ಲ. ಕೇಳದೆ ಕೊಳವೆ ಹಾಕಿದ್ದರೆ ಉಳಿಯುತ್ತಿದ್ದರಾ? ಕುದಿಸದೆ ಬೆಲ್ಲ ಮೆತ್ತಿದ್ದನ್ನೇ ತೋರಿಸಿದ್ದರೆ ಉಳಿಯುತ್ತಿದ್ದರಾ? ಹಳೇ ಪಾಠ ಒಂದನ್ನೇ ಹಿಡಿದಿದ್ದರೆ ಹೇಗೆ, ಹೊಸದೊಂದನ್ನೇ ಹಿಡಿದಿದ್ದರೆ ಹೇಗೆ ಅಂತ ತೂಗಿ ತೂಗಿ ನೋಡಿದಳು. ತೂಗೋಕೆ ಇನ್ನೊಬ್ಬ ಉಜ್ಜನಪ್ಪ ಎಲ್ಲಿಂದ ಬರಬೇಕು.

ಜಲಜಮ್ಮ ತಮ್ಮ ಕಟ್ಟಪ್ಪಣೆಯನ್ನು ತಾವೇ ಮುರಿದು ದಾಕ್ಷಾಯಣಮ್ಮನನ್ನು ಒಳಗೆ ಕರೆದುಕೊಂಡು ಬಂದರು. ಆ ತಾಯಿ ಗಂಡನ ಮುಖ ಸವರಿ, ಬಟ್ಟೆ ಸುತ್ತಿದ ಎರಡು ಕೈಗಳನ್ನು ನೋಡಿ, ಜಯಶೀಲಾಳ ಕಡೆ ತಿರುಗಿದರು. ಲಿಂಗವಂತರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ, ಎಡ ಅಂಗೈಯಲ್ಲಿ ಅವರವರ ಲಿಂಗ ಇಟ್ಟೇ ಕಳಿಸುತ್ತಾರೆ. ಅಯ್ಯನವರು ಹೊಸದನ್ನು ಮುಂದೆ ಚಾಚಿದರು. ದಾಕ್ಷಾಯಣಮ್ಮ ಬೇಡವೆಂದು ತಲೆಯಾಡಿಸಿದರು.

"ಅವರದೇ ಕೊಡವ್ವ. ಒಡೆದಿದ್ದರೂ ಅವರದೇ."

ಜಯಶೀಲಾ ಬೂದು ಕಲ್ಲನ್ನು ಬಟ್ಟೆಯಿಂದ ಬಿಚ್ಚಿ ತಂದಳು. ಜಲಜಮ್ಮ ಕತ್ತರಿ ತಂದು ಎಡಗೈಯ ಕಟ್ಟನ್ನು ಸುತ್ತು ಸುತ್ತಾಗಿ ಕತ್ತರಿಸಿದರು. ಈಗ ಕೀವಿನ ಭಯ ಇರಲಿಲ್ಲ, ಗಲಾಟೆಯ ಭಯ ಇರಲಿಲ್ಲ. ಬೆಂದ ಅಂಗೈ ಹೊರಗೆ ಬಂತು. ಜಯಶೀಲಾ ಕಲ್ಲನ್ನು ಅದರ ಮೇಲಿಟ್ಟಳು. ಬೆರಳು ಮಡಚಿ ಹಿಡಿಯುವ ಹಾಗಿರಲಿಲ್ಲ, ಕಲ್ಲು ಜಾರುತ್ತಿತ್ತು. ಆಕೆ ಸ್ಟೂಲು ಎಳೆದುಕೊಂಡು ಕೂತು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. ಏಳು ಅಂತ ಜಲಜಮ್ಮ ಹೇಳಲಿಲ್ಲ. ಊರಿನವರು ಗಾಡಿ ತರುವವರೆಗೆ ಆಕೆ ಹಾಗೇ ಕೂತಿದ್ದಳು.